ದ್ಯಾವಮ್ಮ ಗೈರುಹಾಜರಾಗಿದ್ದ ಮಳೆಗಾಲ

ಕಳೆದ ತಿಂಗಳು ಅಕ್ಕನ ಮೊಮ್ಮಗಳಿಗೆ ಹೆರಿಗೆಯಾಯಿತೆಂದು ತರೀಕೆರೆಗೆ ಹೋಗಿದ್ದೆ. ಅಜ್ಜಂಪುರದಿಂದ ಮೊದಲ ಬಸ್ಸು ಹಿಡಿದಿದ್ದರಿಂದ ಆಸ್ಪತ್ರೆ ಮುಟ್ಟಿದಾಗ ಇನ್ನೂ ಏಳೂವರೆ. ಕಾರಿಡಾರನ್ನು ಆಗಷ್ಟೇ ತೊಳೆದಿದ್ದರು. ಒದ್ದೆ ನೆಲದಿಂದ ಬ್ಲೀಚಿಂಗ್ ಪುಡಿಯ ವಾಸನೆ ಏಳುತ್ತಿತ್ತು. ಜೊತೆಗೆ ಬಂದಿದ್ದ ಅಕ್ಕನ ಅಳಿಯ ಕರ್ಚೀಫು ತೆಗೆದು ಮೂಗಿಗೆ ಹಿಡಿದುಕೊಂಡ. ನಾನು ಅಲ್ಲೇ ನಿಂತು ಎದೆ ತುಂಬ ಎಳೆದುಕೊಂಡೆ. ಮೂವತ್ತೊಂದು ವರ್ಷ ಸ್ಟಾಫ್ ನರ್ಸ್ ಆಗಿ ದುಡಿದವಳಿಗೆ ಅದು ಬೆಳಗಿನ ಕಾಫಿಯ ವಾಸನೆ ಇದ್ದ ಹಾಗೆ.

ಅಳಿಯ ಗೋಡೆಯ ಮೇಲಿದ್ದ ಹಾಜರಿ ಮೆಷಿನ್ನು ತೋರಿಸಿ, "ನೋಡಿ ಅತ್ತೆ, ಇದೊಂದು ಬಂದ್ಮೇಲೆ ಗೌರ್ಮೆಂಟ್ ಆಸ್ಪತ್ರೇಲೂ ಶಿಸ್ತು ಬಂತು. ಇಲ್ದಿದ್ರೆ ಈ ಜನ ಮಾತು ಕೇಳ್ತಿದ್ರಾ?" ಎಂದ.

ನನಗೆ ಮೈ ಉರಿಯಿತು. ಮಗು ನೋಡಲು ಬಂದ ಜಾಗದಲ್ಲಿ ಜಗಳ ಬೇಡವೆಂದು ಬಾಯಿ ಮುಚ್ಚಿಕೊಂಡೆ. ಆದರೆ ಬಾಯಿ ಮುಚ್ಚಿಕೊಂಡು ಇರುವುದು ನನ್ನ ಅಭ್ಯಾಸವಲ್ಲ. ಅದಕ್ಕೇ ಮನೆಗೆ ಬಂದವಳು ಇದನ್ನು ಬರೆಯಲು ಕೂತಿದ್ದೇನೆ. ಶಿಸ್ತು ಎಂದರೇನೆಂದು ನನಗೂ ಸ್ವಲ್ಪ ಗೊತ್ತಿದೆ, ಅದೂ ಒಂದೇ ಒಂದು ಮಳೆಗಾಲದಲ್ಲಿ ಕಲಿತದ್ದು.

ನಾನು ಆಗ ಇದ್ದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಕಡೂರಿಗೂ ಅಜ್ಜಂಪುರಕ್ಕೂ ನಡುವೆ ಎಲ್ಲೋ ಒಂದು ಕಡೆ ಎಂದುಕೊಳ್ಳಿ. ಮೂವತ್ತು ಹಾಸಿಗೆಯ ಸರ್ಕಾರಿ ಆಸ್ಪತ್ರೆ. ಹಿರೇನಲ್ಲೂರು, ಸಿಂಗಟಗೆರೆ, ಎಮ್ಮೆದೊಡ್ಡಿ ಕಡೆಯಿಂದಲೂ ಬಸುರಿಯರು ಬರುತ್ತಿದ್ದರು. ನಾನು ಹೆರಿಗೆ ವಾರ್ಡಿನಲ್ಲಿದ್ದೆ. ಕೊರೊನಾ ಕಳೆದು ಎರಡನೇ ವರ್ಷ. ನಮ್ಮದು ಒಣ ಸೀಮೆ, ಮೋಡ ನೋಡಿಯೇ ಸಮಾಧಾನ ಮಾಡಿಕೊಳ್ಳುವ ಜನ ನಾವು. ಆ ವರ್ಷ ಮಾತ್ರ ಮಳೆ ಬಿಡದೆ ಹೊಡೆಯಿತು. ಕೆರೆಗಳು ಕೋಡಿ ಬಿದ್ದವು. ರಾಗಿ ಹೊಲದಲ್ಲಿ ನೀರು ನಿಂತಿತು. ತೆಂಗಿನ ತೋಟಗಳಲ್ಲಿ ಬಿದ್ದಿದ್ದ ಚಿಪ್ಪುಗಳಲ್ಲೆಲ್ಲ ನೀರು ತುಂಬಿ, ಅದರಲ್ಲಿ ಸೊಳ್ಳೆ ಹುಟ್ಟಿ, ಊರೂರಿಗೇ ಕೀಲುನೋವಿನ ಜ್ವರ ಹಿಡಿಯಿತು. ಹೊರರೋಗಿಗಳ ಸಾಲು ಬೆಳಿಗ್ಗೆಯೇ ಗೇಟು ದಾಟಿ ಟೀ ಅಂಗಡಿಯ ತನಕ ಬರುತ್ತಿತ್ತು.

ಅಂಥ ಹೊತ್ತಿನಲ್ಲಿ ನಮಗೆ ಹೊಸ ಆಡಳಿತ ವೈದ್ಯಾಧಿಕಾರಿ ಬಂದರು. ಡಾಕ್ಟರ್ ನಿರಂಜನ. ಮೈಸೂರು ಕಡೆಯವರು, ವಯಸ್ಸು ಮೂವತ್ತೈದು ದಾಟಿರಲಿಲ್ಲ. ಮೊದಲನೇ ದಿನವೇ ಎಂಟು ಗಂಟೆಗೆ ಛತ್ರಿ ಹಿಡಿದು ಗೇಟಿನಲ್ಲಿ ನಿಂತು, ಯಾರು ಯಾವಾಗ ಬಂದರೆಂದು ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು.

ಸುಳ್ಳು ಹೇಳಿ ನನಗೇನೂ ಆಗಬೇಕಿಲ್ಲ. ಅವರು ಬರುವ ಮುಂಚೆ ನಮ್ಮಲ್ಲಿ ಎಲ್ಲವೂ ನೆಟ್ಟಗಿತ್ತು ಎಂದರೆ ಕೇಳುವವರು ನಗುತ್ತಾರೆ. ಹತ್ತೂವರೆಗೆ ಬಂದು ರಿಜಿಸ್ಟರಿನಲ್ಲಿ ಎಂಟಕ್ಕೆ ಬಂದ ಹಾಗೆ ಸಹಿ ಹಾಕುವವರಿದ್ದರು. ಔಷಧಿ ಕಿಟಕಿ ಮನಸ್ಸು ಬಂದಾಗ ತೆರೆಯುತ್ತಿತ್ತು. ನಾನೇನು ಸತ್ಯಹರಿಶ್ಚಂದ್ರನ ವಂಶದವಳಲ್ಲ, ಸಂತೆಯ ದಿನ ಬಸ್ಸು ತಪ್ಪುತ್ತದೆಂದು ಅರ್ಧ ಗಂಟೆ ಮೊದಲೇ ಜಾರಿಕೊಂಡದ್ದುಂಟು. ಹೊಸ ಡಾಕ್ಟರು ಬಂದ ಹದಿನೈದು ದಿನದಲ್ಲಿ ಅದೆಲ್ಲ ನಿಂತಿತು. ಜ್ವರದವರು ಮಳೆಯಲ್ಲಿ ನೆನೆಯುತ್ತ ಕಾಯುವುದು ತಪ್ಪಿತು. ಅಷ್ಟನ್ನು ನಾನು ಒಪ್ಪುತ್ತೇನೆ.

ಆಮೇಲೆ ಮೆಷಿನ್ ಬಂತು. ಹೆಬ್ಬೆಟ್ಟು ಒತ್ತುವಂಥದ್ದು. ಮುಖ ನೋಡಿ ಗುರುತು ಹಿಡಿಯುವಂಥದ್ದು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಆಫೀಸಿನ ಕಟ್ಟಡದಲ್ಲಿ, ಡಾಕ್ಟರ ಕೋಣೆಯ ಬಾಗಿಲ ಪಕ್ಕ ಅದನ್ನು ಹಾಕಿದರು. ಹೆರಿಗೆ ವಾರ್ಡು ಇನ್ನೊಂದು ತುದಿ. ನಡುವೆ ತೆರೆದ ಅಂಗಳ, ಅಂಗಳದ ತುಂಬ ಕೆಸರು. ನಿಯಮ ಹೀಗಿತ್ತು: ಬರುವವರೂ ಹೋಗುವವರೂ ಎಂಟರಿಂದ ಎಂಟೂ ಹತ್ತರೊಳಗೆ ಒತ್ತಬೇಕು. ಹನ್ನೊಂದನೇ ನಿಮಿಷಕ್ಕೆ ಅರ್ಧ ದಿನದ ರಜೆ ಹೋಯಿತು. ರಾತ್ರಿಪಾಳಿಯವರು ಹೋಗುವಾಗ ಒತ್ತದಿದ್ದರೆ ಇಡೀ ಪಾಳಿಯೇ ಇಲ್ಲದ ಹಾಗೆ.

ಮೂವತ್ತು ಜನ, ಒಂದು ಮೆಷಿನ್, ಹತ್ತು ನಿಮಿಷ. ಗ್ಲೌಸು ಹಾಕಿ ಹಾಕಿ ಬೆರಳು ನೆಂದು ಸುಕ್ಕಾಗಿರುತ್ತಿತ್ತು. ಅದು ಕೆಂಪು ದೀಪ ತೋರಿಸಿ ಇಂಗ್ಲಿಷಿನಲ್ಲಿ ಒಂದು ಹೆಂಗಸಿನ ದನಿಯಲ್ಲಿ ಮತ್ತೆ ಒತ್ತು ಎನ್ನುತ್ತಿತ್ತು. ಹೆಬ್ಬೆಟ್ಟನ್ನು ತಲೆಕೂದಲಿಗೆ ಉಜ್ಜಿ ಎಣ್ಣೆಪಸೆ ಮಾಡಿಕೊಂಡು ಒತ್ತಿದರೆ ಕೆಲವು ಸಲ ಒಪ್ಪುತ್ತಿತ್ತು. ನಾವು ಅದಕ್ಕೆ ಅತ್ತೆಮ್ಮ ಎಂದು ಹೆಸರಿಟ್ಟೆವು. "ಅತ್ತೆಮ್ಮ ಒಪ್ಪಿದ್ಲೇನೇ?" ಎಂದು ಕೇಳುವುದು, "ಮೂರು ಸಲ ಬೈಸ್ಕೊಂಡೆ ಕಣೇ" ಎನ್ನುವುದು. ಬಟ್ಟೆ ಕೆಸರಾದರೂ ನಗು ಇತ್ತು.

ನಗು ನಿಂತದ್ದು ದ್ಯಾವಮ್ಮನ ವಿಷಯಕ್ಕೆ.

ದ್ಯಾವಮ್ಮ ನಮ್ಮ ವಾರ್ಡಿನ ಆಯಾ. ಐವತ್ತರ ಆಸುಪಾಸು. ಹೊರಗುತ್ತಿಗೆ ಕೆಲಸ, ವರ್ಷ ವರ್ಷಕ್ಕೆ ಏಜೆನ್ಸಿಯವರು ಪಟ್ಟಿಯಲ್ಲಿ ಹೆಸರು ಹಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಇಪ್ಪತ್ತೆರಡು ವರ್ಷ ಹಾಗೇ ನಡೆದಿತ್ತು. ಬೆಳಿಗ್ಗೆ ಆರಕ್ಕೆ ಅವಳ ಚಪ್ಪಲಿ ವಾರ್ಡಿನ ಮೆಟ್ಟಿಲ ಹತ್ತಿರ ಇರುತ್ತಿತ್ತು. ಹೆರಿಗೆ ಕೋಣೆಯ ನೆಲ, ಟೇಬಲ್ಲು, ಕೆಳಗಿನ ಬಕೆಟ್ಟು, ಒಂದನ್ನೂ ಬಿಡದೆ ಬ್ಲೀಚಿಂಗ್ ಪುಡಿ ಹಾಕಿ ತಿಕ್ಕುತ್ತಿದ್ದಳು. ಇಷ್ಟು ವರ್ಷ ಆ ಪುಡಿ, ಆಸಿಡ್ಡು, ಫಿನಾಯಿಲು ಮುಟ್ಟಿ ಅವಳ ಬೆರಳ ತುದಿಗಳು ಒರಳುಗುಂಡಿನ ಹಾಗೆ ನುಣ್ಣಗಾಗಿದ್ದವು. ಗೆರೆಯೇ ಇರಲಿಲ್ಲ. ಮೆಷಿನ್ ಅವಳನ್ನು ಹೇಗೆ ಒಪ್ಪೀತು?

ಆಸ್ಪತ್ರೆಗೆ ಆಸ್ಪತ್ರೆಯೇ ಸಲಹೆ ಕೊಟ್ಟಿತು. ಕೊಬ್ಬರಿ ಎಣ್ಣೆ ಹಚ್ಚು ಎಂದರು, ಹಚ್ಚಿದಳು. ನಿಂಬೆಹಣ್ಣು ತಿಕ್ಕು ಎಂದರು, ತಿಕ್ಕಿದಳು. ಎಣ್ಣೆ ಹಚ್ಚಿ ಗ್ಲೌಸು ಹಾಕಿಕೊಂಡು ಮಲಗು ಎಂದು ನಾನೇ ಹೇಳಿ ಒಂದು ಜೊತೆ ಕೊಟ್ಟೆ. ಒಂದು ವಾರ ಮಲಗಿದಳು. ಹತ್ತು ಸಲ ಒತ್ತಿದರೆ ಒಂದು ಸಲ ಹಸಿರು ದೀಪ ಹತ್ತುತ್ತಿತ್ತು, ಅದೂ ಪುಣ್ಯವಿದ್ದ ದಿನ. ಕೊನೆಗೆ ಅವಳು ಸಾಲಿಗೆ ಹೋಗುವುದನ್ನೇ ಬಿಟ್ಟಳು.

"ಯಾಕೆ ದ್ಯಾವಮ್ಮ, ಹೋಗಿ ಒತ್ತಬಾರ್ದಾ?" ಎಂದೆ.

"ಅದಕ್ಕೆ ನಾನ್ಯಾರು ಅಂತ ಗೊತ್ತಿಲ್ಲ ಬಿಡಿ ಸಿಸ್ಟ್ರಮ್ಮ. ಕಸಕ್ಕೆ ಗೊತ್ತೈತೆ," ಎಂದು ಪೊರಕೆ ಎತ್ತಿಕೊಂಡಳು.

ನಾನು ಡಾಕ್ಟರ ಹತ್ತಿರ ಹೋಗಿ ಹೇಳಿದೆ. ಅವರು ಕೇಳಿಸಿಕೊಂಡರು. "ಮೆಷಿನ್ ಕಂಪನಿಯೋರಿಗೆ ಬರೆದಿದೀನಿ ಸಿಸ್ಟರ್. ಆದ್ರೆ ಒಬ್ಬರಿಗೆ ಸಹಿ ಪುಸ್ತಕ ಇಟ್ರೆ ನಾಳೆ ಎಲ್ಲರ ಬೆರಳೂ ಸವೆದಿರತ್ತೆ. ಈ ಆಸ್ಪತ್ರೆ ಹಿಂದೆ ಹೇಗಿತ್ತು ಅಂತ ನಿಮಗೇ ಗೊತ್ತಲ್ಲ," ಎಂದರು. ನಿಜವೇ. ನಾನು ಮರುಮಾತಾಡದೆ ಬಂದೆ. ಆಮೇಲೆ ಆ ಮೌನಕ್ಕೆ ನನ್ನನ್ನೇ ಎಷ್ಟು ಬೈದುಕೊಂಡಿದ್ದೇನೋ ಲೆಕ್ಕವಿಲ್ಲ.

ತಿಂಗಳ ಕೊನೆಗೆ ಗೈರುಹಾಜರಾದವರ ಪಟ್ಟಿ ಗೋಡೆಗೆ ಬಂತು. ಎಲ್ಲಕ್ಕಿಂತ ಮೇಲೆ ದ್ಯಾವಮ್ಮ. ದಿನಾ ಎಲ್ಲರಿಗಿಂತ ಮೊದಲು ಬರುವವಳು ಬಂದೇ ಇಲ್ಲ! ಏಜೆನ್ಸಿಯ ಮನುಷ್ಯ ಬೈಕಿನಲ್ಲಿ ಬಂದು, "ಇನ್ನೊಂದು ತಿಂಗಳು ಹಿಂಗೇ ಆದ್ರೆ ನಾನೇನೂ ಮಾಡಕ್ಕಾಗಲ್ಲ ಕಣವ್ವ. ಮುಂದಿನ ಪಟ್ಟಿಗೆ ಬೇರೆಯವರ ಹೆಸರು ಹೋಯ್ತದೆ," ಎಂದು ಹೇಳಿ ಹೋದ. ದ್ಯಾವಮ್ಮ ಬಕೆಟ್ಟು ಎತ್ತಿಕೊಂಡು ವಾರ್ಡಿಗೆ ನಡೆದಳು.

ಇಲ್ಲಿ ಒಂದು ಹಳೆಯ ಮಾತು ಹೇಳಬೇಕು. ನಾನು ಕೆಲಸಕ್ಕೆ ಸೇರಿದಾಗ ನಮಗೆ ಹೆಡ್ ಸಿಸ್ಟರ್ ಆಗಿದ್ದವರು ಗಂಗಮ್ಮನವರು. ಹೆರಿಗೆ ವಾರ್ಡಿಗೆ ಅವರೊಂದು ಪದ್ಧತಿ ಮಾಡಿದ್ದರು. ಪಾಳಿ ಬದಲಾಗುವಾಗ ಹೋಗುವ ಸಿಸ್ಟರೂ ಬರುವ ಸಿಸ್ಟರೂ ಪ್ರತಿ ಮಂಚದ ಎರಡು ಬದಿಗೆ ನಿಲ್ಲಬೇಕು. ಹೋಗುವವಳು ಬಾಣಂತಿಯ ಕೈ ಹಿಡಿದು, ಹೆಸರು, ಊರು, ಆದದ್ದು, ಆಗಬೇಕಾದದ್ದು ಎಲ್ಲ ಹೇಳಿ, ಆ ಕೈಯನ್ನು ಬರುವವಳ ಕೈಯಲ್ಲಿಡಬೇಕು. ಬರುವವಳು ಹೊಟ್ಟೆ ಮುಟ್ಟಿ ನೋಡಿ, ಕೆಳಗಿನ ಬಟ್ಟೆ ನೋಡಿ, "ನನ್ನ ಕೈಗೆ ಬಂತು" ಎನ್ನಬೇಕು. ಆ ಮಾತು ಬರುವ ತನಕ ಹೋಗುವವಳು ಕದಲುವ ಹಾಗಿಲ್ಲ, ಬಸ್ಸು ಹೋದರೆ ಹೋಗಲಿ. ಹಳ್ಳಿಯ ಹೆಣ್ಣುಮಕ್ಕಳು ನಾಚಿಕೊಂಡು ನಗುತ್ತಿದ್ದರು, ಧಾರೆ ಎರೀತಾರೆ ಎನ್ನುತ್ತಿದ್ದರು.

ಗಂಗಮ್ಮನವರು ರಿಜಿಸ್ಟರ್ ತೆರೆದು ನೋಡಿದ್ದು ನನಗೆ ನೆನಪಿಲ್ಲ. ಹೇಳದೆ ಕೇಳದೆ ಬರುತ್ತಿದ್ದರು. ನೇರ ಬಾಣಂತಿಯ ಹತ್ತಿರ ಹೋಗಿ, "ನಿನ್ನ ಯಾರ ಕೈಗೆ ಒಪ್ಪಿಸಿದಾರಮ್ಮ?" ಎಂದು ಕೇಳುತ್ತಿದ್ದರು. ಅವಳು ತಕ್ಷಣ ನಮ್ಮ ಮುಖ ತೋರಿಸಿದರೆ ಸರಿ. ತಡಬಡಿಸಿದಳೋ, ನಮ್ಮಿಬ್ಬರ ಗ್ರಹಚಾರ ಬಿಡಿಸುತ್ತಿದ್ದರು. ಅವರ ಬೈಗುಳಕ್ಕೆ ನಾನು ಲಿನನ್ ಕೋಣೆಯಲ್ಲಿ ಕೂತು ಅತ್ತದ್ದಿದೆ. ಮೇಲೊಬ್ಬರು ನೋಡುವವರು ಬೇಡವೆಂದು ನಾನು ಯಾವತ್ತೂ ಹೇಳುವವಳಲ್ಲ. ಗಂಗಮ್ಮನವರು ನೋಡದೇ ಹೋಗಿದ್ದರೆ ನಾನು ಅರ್ಧ ನರ್ಸೂ ಆಗುತ್ತಿರಲಿಲ್ಲ. ಎಲ್ಲಿ ನೋಡಬೇಕೆಂದು ಅವರಿಗೆ ಗೊತ್ತಿತ್ತು.

ಅವರು ನಿವೃತ್ತರಾದ ಮೇಲೂ ಆ ಪದ್ಧತಿ ಇತ್ತು. ನಾನೇ ಹೊಸಬರಿಗೆ ಕಲಿಸುತ್ತಿದ್ದೆ. ಬೇರೆಲ್ಲ ಸಡಿಲವಾದ ದಿನಗಳಲ್ಲೂ ಅದೊಂದು ಸಡಿಲವಾಗಿರಲಿಲ್ಲ. ಅತ್ತೆಮ್ಮ ಬಂದ ಒಂದೂವರೆ ತಿಂಗಳಲ್ಲಿ ಅದು ಹೋಯಿತು. ಎಂಟರಿಂದ ಎಂಟೂ ಹತ್ತು ಮಂಚದ ಪಕ್ಕ ನಿಲ್ಲುವ ಹೊತ್ತು. ಆ ಹೊತ್ತಿಗೇ ನಾವೆಲ್ಲ ಅಂಗಳದಾಚೆ ಸಾಲಿನಲ್ಲಿ ಇರುತ್ತಿದ್ದೆವು. ಸಾಲಿನಲ್ಲೇ ಒಬ್ಬರಿಗೊಬ್ಬರು ಬಾಯಲ್ಲಿ ಹೇಳಿ ಮುಗಿಸುವುದು ಶುರುವಾಯಿತು. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ, ಹಾಗಾಗಿಬಿಟ್ಟಿತು. ಕಲಿಸಿದ ನಾನೂ ಸಾಲಿನಲ್ಲೇ ಇದ್ದೆ.

ಹಸ್ತ ಮಳೆ ಹಿಡಿದಿದ್ದ ಒಂದು ಗುರುವಾರ. ಏಳು ಐವತ್ತೈದಕ್ಕೆ ಬಂದೆ. ವಾರ್ಡಿಗೆ ಹೋಗಿ ಬಂದರೆ ಸಾಲು ಬೆಳೆಯುತ್ತದೆಂದು ನೇರ ಆಫೀಸಿನ ಕಡೆ ನಡೆದೆ. ರಾತ್ರಿಪಾಳಿಯಲ್ಲಿದ್ದ ಶಿಲ್ಪಾ ನನಗಿಂತ ನಾಲ್ಕು ಜನ ಮುಂದಿದ್ದಳು. ತರೀಕೆರೆಯಿಂದ ಓಡಾಡುವ ಹುಡುಗಿ, ಮನೆಯಲ್ಲಿ ಎಂಟು ತಿಂಗಳ ಕೂಸು, ಎಂಟೂಕಾಲಿಗೆ ಬಸ್ಸು. ತಿರುಗಿ ನೋಡಿ, "ಅಕ್ಕಾ, ಎರಡನೇ ಬೆಡ್ಡು ಭಾಗ್ಯ. ಸಿಂಗಟಗೆರೆ ಕಡೆಯೋರು. ಆರೂವರೆಗೆ ಹೆಣ್ಮಗು ಆಯ್ತು. ಎಲ್ಲ ನಾರ್ಮಲ್ ಇದೆ," ಎಂದಳು.

"ಹೂಂ," ಎಂದೆ. ವಾರ್ಡಿನಲ್ಲಿ ಈಗ ಯಾರಿದ್ದಾರೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವಳಾದರೂ ಏನು ಹೇಳುತ್ತಿದ್ದಳು?

ನನ್ನ ಸರದಿ ಬಂತು. ಒತ್ತಿದೆ, ಕೆಂಪು. ಕೂದಲಿಗೆ ಉಜ್ಜಿ ಒತ್ತಿದೆ, ಕೆಂಪು. ಮೂರನೇ ಸಲಕ್ಕೆ ಹಸಿರು ದೀಪ ಹತ್ತಿದ್ದಕ್ಕೂ ಅಂಗಳದಾಚೆಯಿಂದ ಕೂಗು ಕೇಳಿದ್ದಕ್ಕೂ ಸರಿಹೋಯಿತು.

"ಸಿಸ್ಟ್ರಮ್ಮೋ! ಬನ್ರೋ ಯಾರಾದ್ರೂ! ರಕ್ತ ಹೋಯ್ತೈತೆ!"

ಕೆಸರಿನಲ್ಲಿ ನಾನು ಹೇಗೆ ಓಡಿದೆನೋ ತಿಳಿಯದು. ಒಂದು ಚಪ್ಪಲಿ ಅಂಗಳದಲ್ಲೇ ಉಳಿಯಿತು. ಒಳಗೆ ಹೋದರೆ ಭಾಗ್ಯ ಸುಣ್ಣದ ಬಣ್ಣಕ್ಕೆ ತಿರುಗಿದ್ದಳು. ಹಾಸಿಗೆ ನೆಂದು ಆಗಷ್ಟೇ ಒರೆಸಿದ ನೆಲಕ್ಕೆ ರಕ್ತ ತೊಟ್ಟಿಕ್ಕುತ್ತಿತ್ತು. ದ್ಯಾವಮ್ಮ ಮಂಚಕ್ಕೆ ಮೊಣಕಾಲು ಊರಿ, ಹೊಟ್ಟೆಯ ಮೇಲೆ ಅಂಗೈ ಒತ್ತಿ ಗಟ್ಟಿಯಾಗಿ ತಿಕ್ಕುತ್ತಿದ್ದಳು. ಹೆರಿಗೆಯಾದ ಮೇಲೆ ಗರ್ಭಕೋಶ ಚೆಂಡಿನ ಹಾಗೆ ಗಟ್ಟಿಯಾಗಬೇಕು. ಸಡಿಲವಾದರೆ ರಕ್ತ ನಿಲ್ಲುವುದಿಲ್ಲ, ಹೀಗೆ ತಿಕ್ಕಿ ಗಟ್ಟಿ ಮಾಡಬೇಕು. ಅದನ್ನು ನಾನು ಮಾಡುವಾಗ ಅವಳು ವರ್ಷಗಟ್ಟಲೆ ಮಂಚದ ಕೆಳಗೆ ನೆಲ ಒರೆಸುತ್ತ ನೋಡಿದ್ದಳು. ಭಾಗ್ಯನ ಅತ್ತೆ ಬಿಸಿನೀರು ತರಲು ಹೋಗಿದ್ದರು. ವಾರ್ಡಿನಲ್ಲಿ ಕೆಲಸದವರು ಬೇರೊಬ್ಬರೂ ಇರಲಿಲ್ಲ.

ನಾನು ಕೈ ಹಾಕಿದೆ. ಶಿಲ್ಪಾ ಬಸ್ಸು ಮರೆತು ಓಡಿಬಂದು ಇಂಜೆಕ್ಷನ್ ಕೊಟ್ಟಳು, ಗ್ಲೂಕೋಸ್ ಹಾಕಿದಳು. ಡಾಕ್ಟರ್ ನಿರಂಜನ ಮಳೆಯಲ್ಲಿ ನೆನೆದುಕೊಂಡೇ ಬಂದರು. ಆ ಇಪ್ಪತ್ತು ನಿಮಿಷ ಅವರು ಮಂಚ ಬಿಟ್ಟು ಕದಲಲಿಲ್ಲ, ಅದನ್ನೂ ಹೇಳಲೇಬೇಕು. ಆಂಬುಲೆನ್ಸನ್ನು ಬಾಗಿಲಿಗೇ ತರಿಸಿ ನಿಲ್ಲಿಸಿದ್ದರು, ಬೇಕಾಗಲಿಲ್ಲ. ರಕ್ತ ನಿಂತಿತು. ಸಂಜೆ ಭಾಗ್ಯ ಅತ್ತೆಯ ಕೈಯಿಂದ ಗಂಜಿ ಕುಡಿದಳು. ದ್ಯಾವಮ್ಮ ಆ ಹಾಸಿಗೆ, ಆ ನೆಲ ಎಲ್ಲ ತೊಳೆದು, ರಕ್ತವಾಗಿದ್ದ ಸೀರೆಯಲ್ಲೇ ಮನೆಗೆ ಹೋಗಿದ್ದಳು.

ಎರಡು ದಿನ ಬಿಟ್ಟು ಡಾಕ್ಟರು ಕರೆದರು. ಮೇಲಿನವರಿಗೆ ವರದಿ ಹೋಗಬೇಕು. ಅವರೇ ಬರೆದಿದ್ದರು: ಕರ್ತವ್ಯದಲ್ಲಿದ್ದ ಸ್ಟಾಫ್ ನರ್ಸ್ ತಕ್ಷಣ ರಕ್ತಸ್ರಾವವನ್ನು ಗುರುತಿಸಿ ಸಮಯಪ್ರಜ್ಞೆಯಿಂದ ಚಿಕಿತ್ಸೆ ಆರಂಭಿಸಿರುತ್ತಾರೆ. ಕೆಳಗೆ ನನ್ನ ಹೆಸರು, ಸಹಿಗೆ ಜಾಗ. ಅದೇ ಮೇಜಿನ ಮೇಲೆ ಏಜೆನ್ಸಿಗೆ ಹೋಗಬೇಕಾದ ಹಾಜರಿ ಪಟ್ಟಿಯೂ ಇತ್ತು. ಕಣ್ಣು ಹಾಯಿಸಿದೆ. ಆ ಗುರುವಾರದ ಕಾಲಮ್ಮಿನಲ್ಲಿ ದ್ಯಾವಮ್ಮನ ಹೆಸರಿನ ಎದುರು ಗೈರು ಎಂದಿತ್ತು.

"ಸಾರ್, ಕಂಡಿದ್ದು ನಾನಲ್ಲ. ದ್ಯಾವಮ್ಮ."

"ಗೊತ್ತು ಸಿಸ್ಟರ್. ಆದ್ರೆ ದಾಖಲೆ ಪ್ರಕಾರ ಅವತ್ತು ಅವರು ಬಂದೇ ಇಲ್ಲ."

"ನೀವೇ ಕಣ್ಣಾರೆ ನೋಡಿದ್ರಲ್ಲ ಸಾರ್. ಅವಳ ಸೀರೆಯೆಲ್ಲ ರಕ್ತ ಆಗಿತ್ತು."

ಅವರು ಪೆನ್ನು ಕೆಳಗಿಟ್ಟರು. "ಸಿಟ್ಟಾಗ್ಬೇಡಿ, ಯೋಚನೆ ಮಾಡಿ. ಡಿ ಗ್ರೂಪಿನವರು ಪೇಷೆಂಟ್ ಹೊಟ್ಟೆ ಮುಟ್ಟಿದ್ರು ಅಂತ ಬರೆದ್ರೆ ಅದು ಅವರಿಗೇ ತೊಂದ್ರೆ. ನೀವು ವಾರ್ಡಲ್ಲಿ ಇರ್ಲಿಲ್ಲ ಅಂತ ಬರೆದ್ರೆ ನಿಮಗೆ ತೊಂದ್ರೆ. ಹೆಂಗಸು ಉಳಿದ್ಲು, ಮಗು ಚೆನ್ನಾಗಿದೆ. ಈಗ ಇದನ್ನೆಲ್ಲ ಕೆದಕಿ ಯಾರಿಗೇನು ಸಿಗತ್ತೆ?"

"ನಾಳೆ ಹೇಳ್ತೀನಿ ಸಾರ್," ಎಂದು ಎದ್ದು ಬಂದೆ. ಹೆದರಿಕೆಯೂ ಆಗಿತ್ತು, ಮುಚ್ಚಿಟ್ಟು ಪ್ರಯೋಜನವಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಕಪ್ಪು ಚುಕ್ಕೆ ಇಲ್ಲದ ಸರ್ವೀಸು ನನ್ನದು ಎಂದು ಬಂಧುಬಳಗದಲ್ಲೆಲ್ಲ ಜಂಬ ಕೊಚ್ಚಿಕೊಂಡವಳು ನಾನು.

ಡ್ಯೂಟಿ ಮುಗಿಸಿ ಸಂಜೆ ದ್ಯಾವಮ್ಮನ ಮನೆಗೆ ಹೋದೆ. ಕೆರೆ ಏರಿಯ ಕೆಳಗೆ ಅವರ ಕೇರಿ. ಮಳೆ ಬಿಟ್ಟು ಬಿಸಿಲು ಬಂದಿತ್ತು. ಅವಳು ಜಗುಲಿಯ ಮೇಲೆ ಹುರುಳಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಬಾಗಿಲ ಮೇಲೆ ಬುದ್ಧನದೂ ಅಂಬೇಡ್ಕರರದೂ ಪಟ. ಒಳಗೆ ಕರೆದು ಚಾಪೆ ಹಾಕಿ, ಕರಿ ಟೀ ಕಾಸಿ ಕೊಟ್ಟಳು. ಎಲ್ಲ ಹೇಳಿದೆ. ವರದಿಯಲ್ಲಿ ನನ್ನ ಹೆಸರು ಬಂದದ್ದು, ಪಟ್ಟಿಯಲ್ಲಿ ಅವಳಿಗೆ ಗೈರು ಬಿದ್ದದ್ದು. ಇದ್ದದ್ದನ್ನು ಇದ್ದ ಹಾಗೆ ಬರೆದರೆ ಹೊಟ್ಟೆ ಮುಟ್ಟಿದ್ದಕ್ಕೆ ಅವಳನ್ನೇ ತೆಗೆದುಹಾಕಬಹುದು ಎಂಬುದನ್ನೂ ಹೇಳಿದೆ.

ಅವಳು ಟೀ ಪೂರ್ತಿ ಕುಡಿದಳು. ಲೋಟ ಕೆಳಗಿಟ್ಟಳು.

"ಬರೀದಿದ್ರೂ ತೆಗೀತಾರಲ್ವಾ ಸಿಸ್ಟ್ರಮ್ಮ?"

"ಹೂಂ. ಗೈರಿನ ಲೆಕ್ಕದಲ್ಲಿ ತೆಗೀತಾರೆ."

"ಹಂಗಾರೆ ಬರೀರಿ. ಇರ್ಲಿಲ್ಲ ಅಂತ ಅನ್ಸ್ಕೊಂಡು ಹೋಗೋದಕ್ಕಿಂತ ಇದ್ದೆ ಅಂತ ಅನ್ಸ್ಕೊಂಡು ಹೋಗೋದು ವಾಸಿ." ಆಮೇಲೆ ನನ್ನ ಮುಖ ನೋಡಿ, "ನಿಮಗೇನಾಯ್ತದೆ?" ಎಂದು ಕೇಳಿದಳು.

"ಏನಾದ್ರೂ ಆಗ್ಲಿ ಬಿಡೇ," ಎಂದೆ. ಅಲ್ಲಿಗೆ ನನ್ನ ಹೆದರಿಕೆ ಅರ್ಧ ಇಳಿಯಿತು.

ಮರುದಿನ ಬಿಳಿ ಹಾಳೆಯಲ್ಲಿ ಹೇಳಿಕೆ ಬರೆದುಕೊಟ್ಟೆ. ಅಲಂಕಾರ ಏನೂ ಮಾಡಲಿಲ್ಲ. ಶಿಲ್ಪಾ ನನಗೆ ರೋಗಿಯ ವಿವರ ಹೇಳಿದ್ದಳು, ನಾನು ಹೂಂ ಎಂದಿದ್ದೆ, ಆ ಕ್ಷಣದಿಂದ ರೋಗಿ ನನ್ನ ಜವಾಬ್ದಾರಿ. ನಾನು ರೋಗಿಯ ಬಳಿ ಇರದೆ ಹಾಜರಿ ಹಾಕುವ ಸಾಲಿನಲ್ಲಿದ್ದೆ. ವಾರ್ಡಿನಲ್ಲಿ ಕೆಲಸದಲ್ಲಿದ್ದವಳು ದ್ಯಾವಮ್ಮ ಒಬ್ಬಳೇ. ರಕ್ತ ಹೋಗುವುದನ್ನು ಕಂಡವಳೂ, ನಾವು ಬರುವ ತನಕ ತಡೆದವಳೂ ಅವಳೇ. ಕೆಳಗೆ ಸಹಿ.

ಡಾಕ್ಟರು ಎರಡು ಸಲ ಓದಿದರು. "ಇದನ್ನ ಕಳಿಸಿದ್ರೆ ವಾಪಸ್ ತಗೊಳಕ್ಕಾಗಲ್ಲ ಸಿಸ್ಟರ್. ಇನ್ನು ಎರಡು ವರ್ಷ ಸರ್ವೀಸ್ ಇದೆ ನಿಮಗೆ."

"ಇದೆ ಸಾರ್. ಅಷ್ಟೂ ದಿನ ದ್ಯಾವಮ್ಮ ಒರೆಸಿದ ನೆಲದ ಮೇಲೆ ನಾನು ಓಡಾಡ್ಬೇಕಲ್ಲ."

ಅವರು ಕಾಗದವನ್ನು ಡ್ರಾಯರಿನಲ್ಲಿಟ್ಟರು. ಕಳಿಸುತ್ತೇನೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವರು ಡ್ರಾಯರಿನಲ್ಲಿಟ್ಟರೆ ನಾನು ಸುಮ್ಮನೆ ಕಾಯುವವಳೇ? ಮಾರನೆಯ ಬೆಳಿಗ್ಗೆ ಬಂದವಳು ನೇರ ವಾರ್ಡಿಗೆ ಹೋದೆ. ಶಿಲ್ಪಾಳನ್ನು ಮಂಚದ ಆ ಬದಿಗೆ ನಿಲ್ಲಿಸಿ, "ಒಪ್ಪಿಸಮ್ಮ," ಎಂದೆ. ಏಳು ಮಂಚ, ಏಳು ಕೈ. ಒಬ್ಬೊಬ್ಬರ ಹೊಟ್ಟೆ ನೋಡಿ, ಬಟ್ಟೆ ನೋಡಿ, ಏಳು ಸಲ ಹೇಳಬೇಕಾದ್ದು ಹೇಳಿ, ಆಮೇಲೆ ನಡೆದುಕೊಂಡು ಹೋಗಿ ಒತ್ತಿದೆ. ಎಂಟೂ ಇಪ್ಪತ್ತೈದು. ಅರ್ಧ ದಿನದ ರಜೆ ಹೋಯಿತು. ಮಾರನೆಯ ದಿನ ಇನ್ನರ್ಧ ಹೋಯಿತು. ಶಿಲ್ಪಾಗೆ, "ನೀನು ಎಂಟಕ್ಕೇ ಹೋಗಿ ಒತ್ತಿ ವಾಪಸ್ ಬಾ, ನಾನು ಇಲ್ಲಿರ್ತೀನಿ, ಆಮೇಲೆ ಒಪ್ಪಿಸು," ಎಂದರೆ, "ನಂದೂ ಹೋಗ್ಲಿ ಬಿಡಕ್ಕ," ಎಂದು ನಿಂತೇಬಿಟ್ಟಳು. ಆ ಹುಡುಗಿಯ ಕೂಸು ಕಾಯುತ್ತಿತ್ತು, ಬಸ್ಸು ಹೋಗಿತ್ತು. ನನ್ನ ಕಣ್ಣಲ್ಲಿ ನೀರು ಬಂತು, ಅವಳನ್ನು ಬೈದು ಅದನ್ನು ಮುಚ್ಚಿಕೊಂಡೆ.

ನಾಲ್ಕನೇ ದಿನ ಡಾಕ್ಟರು ತಾವಾಗಿ ವಾರ್ಡಿನ ಬಾಗಿಲಿಗೆ ಬಂದರು. ಎಂಟೂ ಐದು. ನಾವು ಮೂರನೇ ಮಂಚದ ಹತ್ತಿರ ಇದ್ದೆವು. ನಾನು ತಲೆ ಎತ್ತಲಿಲ್ಲ. ಅವರು ಏಳನೇ ಮಂಚ ಮುಗಿಯುವ ತನಕ ಬಾಗಿಲಲ್ಲೇ ನಿಂತಿದ್ದರು. ಆಚೆ ಮೂಲೆಯಲ್ಲಿ ದ್ಯಾವಮ್ಮ ಬಕೆಟ್ಟಿಗೆ ನೀರು ತುಂಬುತ್ತಿದ್ದಳು. ಅವಳನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಆಫೀಸಿಗೆ ಹೋದರು. ಆ ಮಧ್ಯಾಹ್ನ ನನ್ನ ಹೇಳಿಕೆ ಮೇಲಿನ ಕಚೇರಿಗೆ ಹೋಯಿತು, ಜೊತೆಗೆ ದ್ಯಾವಮ್ಮನ ಬೆರಳಿನ ಗುರುತು ಮೆಷಿನ್ನಿಗೆ ಸಿಗುವುದಿಲ್ಲ, ಅವಳು ದಿನಾ ಬಂದಿದ್ದಾಳೆ ಎಂದು ಅವರದೇ ಸಹಿಯ ಪತ್ರ. ಅವಳಿಗೆ ಸಹಿ ಪುಸ್ತಕವೂ ಬಂತು. ಸಹಿ ಬರುತ್ತದಾ ಎಂದು ಗುಮಾಸ್ತ ಕೇಳಿದ್ದಕ್ಕೆ ದ್ಯಾವಮ್ಮ ಉತ್ತರ ಕೊಡದೆ, ಪೂರ್ತಿ ಹೆಸರನ್ನು ಗಂಡನ ಹೆಸರು ಸಮೇತ ದುಂಡಗೆ ಬರೆದು ಪೆನ್ನು ವಾಪಸ್ ಕೊಟ್ಟಳಂತೆ.

ವಿಚಾರಣೆಗೆ ಮೇಲಿನಿಂದ ಇಬ್ಬರು ಬಂದರು. ನನ್ನನ್ನು ಒಂದು ಗಂಟೆ ಕೇಳಿದರು. ಇದ್ದದ್ದನ್ನೇ ಹೇಳಿದೆ. ದ್ಯಾವಮ್ಮನನ್ನು ಕರೆದು, "ಹಾಗೆ ಮಾಡಬೇಕು ಅಂತ ನಿನಗೆ ಯಾರು ಟ್ರೈನಿಂಗ್ ಕೊಟ್ಟಿದ್ದು?" ಎಂದರು.

"ಯಾರೂ ಕೊಟ್ಟಿಲ್ಲ ಸಾ. ಇಪ್ಪತ್ತೆರಡು ವರ್ಷ ಅಲ್ಲೇ ನೆಲ ಒರೆಸೀನಿ. ಕಣ್ಣು ಮುಚ್ಕೊಂಡೇನೂ ಒರೆಸ್ಲಿಲ್ಲ."

ಅವರಲ್ಲಿ ಒಬ್ಬರು ಹಿರಿಯ ಡಾಕ್ಟರಮ್ಮ. ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದರು. "ಕೂತ್ಕೊಳಮ್ಮ," ಎಂದು ಕುರ್ಚಿ ತೋರಿಸಿದರು. ದ್ಯಾವಮ್ಮ ಆ ಆಫೀಸಿನಲ್ಲಿ ಕುರ್ಚಿಯ ಮೇಲೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮಳೆಗಾಲ ಮುಗಿದು ರಾಗಿ ಕೊಯ್ಲಿನ ಹೊತ್ತಿಗೆ ಎಲ್ಲ ತೀರ್ಮಾನವಾಯಿತು. ದ್ಯಾವಮ್ಮನ ಹೆಸರು ಮುಂದಿನ ವರ್ಷದ ಪಟ್ಟಿಗೆ ಬಂತು. ನನಗೆ ಮೆಮೋ ಬಂತು. ಡಾಕ್ಟರು ಕರೆದು ಓದಿಸಿ ಸಹಿ ಹಾಕಿಸಿಕೊಂಡರು. ಸದರಿ ದಿನ ಬೆಳಿಗ್ಗೆ ಎಂಟು ಗಂಟೆಗೆ ಬಾಣಂತಿಯನ್ನು ಗ್ರೂಪ್ ಡಿ ನೌಕರರಾದ ದ್ಯಾವಮ್ಮ ಇವರೊಬ್ಬರ ವಶದಲ್ಲಿ ಬಿಟ್ಟು ಸ್ಥಳದಿಂದ ದೂರವಿದ್ದು ಕರ್ತವ್ಯಲೋಪ ಎಸಗಿರುತ್ತೀರಿ, ಆದ್ದರಿಂದ ಕಟ್ಟುನಿಟ್ಟಿನ ಎಚ್ಚರಿಕೆ ನೀಡಿ ಸೇವಾ ಪುಸ್ತಕದಲ್ಲಿ ನಮೂದಿಸಲಾಗಿದೆ, ಎಂದಿತ್ತು. ತಪ್ಪು ನನ್ನದೇ, ಸಹಿ ಮಾಡಿದೆ. ಆಮೇಲೆ ಕೇಳಿದೆ, "ಸಾರ್, ಮೆಷಿನ್ನಲ್ಲಿ ಆ ಗುರುವಾರ ದ್ಯಾವಮ್ಮಂಗೆ ಇನ್ನೂ ಗೈರು ಅಂತಾನೇ ಇದೆಯಾ?"

"ಹಳೇದನ್ನ ತಿದ್ದಕ್ಕೆ ಬರಲ್ವಂತೆ ಸಿಸ್ಟರ್. ತುಂಬ ಸಲ ಬರೆದೆ. ಅದು ಹಾಗೇ ಉಳಿಯತ್ತೆ." ಅವರಿಗೂ ಬೇಜಾರಿತ್ತು, ದನಿಯಲ್ಲಿ ತಿಳಿಯುತ್ತಿತ್ತು. ಮೆಮೋ ಮಡಚುತ್ತ, "ಇದಕ್ಕೆ ಮಾತ್ರ ದಾರಿ ಇದೆ. ಆರು ತಿಂಗಳು ಬಿಟ್ಟು ಒಂದು ಮನವಿ ಕೊಡಿ. ನಾನು ಶಿಫಾರಸು ಮಾಡ್ತೀನಿ, ಇದನ್ನ ತೆಗೆಸಿಹಾಕೋಣ. ನಿವೃತ್ತಿ ಹೊತ್ತಿಗೆ ನಿಮ್ಮ ಪುಸ್ತಕ ಕ್ಲೀನ್ ಇರತ್ತೆ," ಎಂದರು.

"ಬೇಡ ಸಾರ್," ಎಂದೆ. "ಅದು ಅಲ್ಲೇ ಇರ್ಲಿ. ಅವತ್ತು ವಾರ್ಡಲ್ಲಿ ದ್ಯಾವಮ್ಮ ಇದ್ಲು ಅಂತ ಸರ್ಕಾರವೇ ಒಪ್ಕೊಂಡಿರೋ ಕಾಗದ ಅದೊಂದೇ."